ಸೊಂಟದ ಕೀಲಿನ ಶಸ್ತ್ರಚಿಕಿತ್ಸೆ: ಪ್ರಾದೇಶಿಕ ಅರಿವಳಿಕೆ

ಸೊಂಟದ ಕೀಲಿನ ಶಸ್ತ್ರಚಿಕಿತ್ಸೆಯ ನೋವನ್ನು, ರೋಗಿಯ ಎಚ್ಚರ ತಪ್ಪಿಸದೆ, ಆ ಭಾಗದ ನರಗಳನ್ನಷ್ಟೇ ಮರಗಟ್ಟಿಸಿ ತಡೆಯುವ ವಿಧಾನ. ಜಾರಿಬಿದ್ದು ತೊಡೆಮೂಳೆಯ ಮೇಲ್ತುದಿ ಮುರಿದುಕೊಂಡ ಹಿರಿಯರಿಗೆ ಇದು ಹೆಚ್ಚು ಉಪಯುಕ್ತ.

ವಿಧಾನಗಳು: ಶಸ್ತ್ರಚಿಕಿತ್ಸೆಗೆ ಸಾಮಾನ್ಯವಾಗಿ ಬೆನ್ನುಹುರಿ ಅರಿವಳಿಕೆ ಕೊಡುತ್ತಾರೆ, ಇದನ್ನು 1898ರಲ್ಲಿ ಜರ್ಮನಿಯ ಆಗಸ್ಟ್ ಬಿಯರ್ ಆರಂಭಿಸಿದರು. ಅದರ ಪರಿಣಾಮ ಕೆಲವು ಗಂಟೆಗಳಲ್ಲಿ ಇಳಿಯುವುದರಿಂದ, ಮುಂದಿನ ನೋವಿಗೆ ನರತಡೆ (ನೋವಿನ ನರಗಳ ಬಳಿ ಮದ್ದು ಬಿಟ್ಟು ಮರಗಟ್ಟಿಸುವುದು) ಬೇಕಾಗುತ್ತದೆ. ತೊಡೆಸಂದಿನಲ್ಲಿ ಕೊಡುವ ಫೇಶಿಯಾ ಇಲಿಯಾಕಾ ತಡೆ ಹಳೆಯದು. ಇದರಿಂದ ತೊಡೆಯ ಸ್ನಾಯುಗಳು ದುರ್ಬಲವಾಗಬಹುದು. 2018ರಲ್ಲಿ ವರದಿಯಾದ ಪೆಂಗ್ ತಡೆಯಲ್ಲಿ ಅಲ್ಟ್ರಾಸೌಂಡ್ ನೋಡುತ್ತ ಕೀಲಿನ ಮುಂಭಾಗದ ನರಶಾಖೆಗಳ ಬಳಿ ಸುಮಾರು 20 ಮಿ.ಲೀ. ಬ್ಯುಪಿವಕೇನ್ ಅಥವಾ ರೋಪಿವಕೇನ್ ಎಂಬ ಮರಗಟ್ಟಿಸುವ ಮದ್ದಿನ ದ್ರಾವಣ ಬಿಡುತ್ತಾರೆ. ಇದರಲ್ಲಿ ಕಾಲಿನ ಬಲ ಬಹುಮಟ್ಟಿಗೆ ಉಳಿಯುತ್ತದೆ.

ಪ್ರಯೋಜನ: ಮುರಿದ ಕಾಲಿನ ರೋಗಿಯನ್ನು ಬೆನ್ನಿನ ಇಂಜೆಕ್ಷನ್‌ಗೆ ಕೂರಿಸುವುದೇ ಯಾತನೆ, ಮೊದಲೇ ನರತಡೆ ಕೊಟ್ಟರೆ ಅದು ತಗ್ಗುತ್ತದೆ. ಮಾರ್ಫಿನ್ ವರ್ಗದ ಔಷಧಿಗಳ ಅಗತ್ಯ, ಅವು ತರುವ ವಾಕರಿಕೆ, ಮಂಪರು ಕಡಿಮೆಯಾಗುತ್ತವೆ.

ಕೋಲಾರ ಜಿಲ್ಲೆಯಲ್ಲಿ: ಕೋಲಾರದ ಟಮಕದಲ್ಲಿ 1986ರಲ್ಲಿ ಆರಂಭವಾದ ಶ್ರೀ ದೇವರಾಜ ಅರಸು ವೈದ್ಯಕೀಯ ಕಾಲೇಜಿನಲ್ಲಿ ಅರಿವಳಿಕೆ ವಿಭಾಗವಿದೆ. ಮುಳಬಾಗಿಲು, ಶ್ರೀನಿವಾಸಪುರ, ಮಾಲೂರು ತಾಲ್ಲೂಕುಗಳ ಹಲವೆಡೆ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ದೀರ್ಘಕಾಲ ಅಂಥ ನೀರು ಕುಡಿದವರಲ್ಲಿ ಬೆನ್ನೆಲುಬಿನ ಅಸ್ಥಿಬಂಧಗಳು ಗಡುಸಾಗಿ ಬೆನ್ನುಹುರಿ ಅರಿವಳಿಕೆಯ ಸೂಜಿ ಇಳಿಸುವುದು ಕಷ್ಟವಾಗಬಹುದು.

ಎಚ್ಚರಿಕೆ: ರಕ್ತ ತೆಳುವಾಗಿಸುವ ಮಾತ್ರೆ, ಅಲರ್ಜಿ, ಚುಚ್ಚುವೆಡೆಯ ಸೋಂಕನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು.