ಖಜಾನೆಯ ಬೀಗದ ಕೈ: ಮುಂಬಯಿ ಗವರ್ನರರ ಅಧಿಕಾರ ಮತ್ತು ನಮ್ಮ ಹಿರಿಯರ ಕಾಲ

ಆಡಳಿತವೆಂಬುದು ಅಮಾನತ್ತು. ಅದನ್ನು ಪರಸ್ಪರ ಸಮಾಲೋಚನೆಯಿಂದ ನಡೆಸಬೇಕೆಂಬುದು ಇಸ್ಲಾಮಿನ ಬೋಧನೆ. ಪವಿತ್ರ ಕುರ್‌ಆನಿನ ಒಂದು ಅಧ್ಯಾಯಕ್ಕೆ 'ಅಶ್ಶೂರಾ' ಎಂಬ ಹೆಸರೇ ಇದೆ. ಆದರೆ ಸಮಾಲೋಚನೆಗೆ ಸಭೆಯಿದ್ದೂ ಕೊನೆಯ ಮಾತು ಒಬ್ಬನದೇ ಆದರೆ ಅದನ್ನು ಶೂರಾ ಎನ್ನಬಹುದೇ? ನಮ್ಮ ಹಿರಿಯರು ಬಾಳಿದ ಮುಂಬಯಿ ಪ್ರಾಂತ್ಯದ ಇತಿಹಾಸವನ್ನು ಈ ಪ್ರಶ್ನೆಯೊಂದಿಗೆ ಓದೋಣ.

ಇಂದು ಮೂಡಲಗಿ ತಾಲೂಕಿನಲ್ಲಿರುವ ತುಕ್ಕಾನಟ್ಟಿ ಅಂದು ಗೋಕಾಕ ತಾಲೂಕಿನ ಹಳ್ಳಿ. 1956ರವರೆಗೆ ಬೆಳಗಾವಿ ಜಿಲ್ಲೆ ಮುಂಬಯಿಗೆ ಸೇರಿತ್ತು. 1861ರ ಕಾಯ್ದೆಯಿಂದ ಅಲ್ಲಿ ಶಾಸನ ಸಭೆ ಏರ್ಪಟ್ಟರೂ ಪ್ರಾಂತ್ಯದ ಆದಾಯಕ್ಕೆ ಸಂಬಂಧಿಸಿದ ಪ್ರಸ್ತಾವವನ್ನು ಗವರ್ನರರ ಪೂರ್ವಾನುಮತಿ ಇಲ್ಲದೆ ಯಾವ ಸದಸ್ಯನೂ ಮಂಡಿಸುವಂತಿರಲಿಲ್ಲ. ಧಾರ್ಮಿಕ ಆಚರಣೆಗಳನ್ನು ಕುರಿತ ಮಸೂದೆಗೆ ಗವರ್ನರ್ ಜನರಲ್‌ರ ಒಪ್ಪಿಗೆಯೂ ಬೇಕಾಗಿತ್ತು. 1892ರಲ್ಲಿ ಆಯವ್ಯಯವನ್ನು ಚರ್ಚಿಸಲು ಅವಕಾಶ ದೊರೆಯಿತು. ಮತ ಹಾಕುವ ಹಕ್ಕು ದೊರೆಯಲಿಲ್ಲ. 1909ರಲ್ಲಿ ಮುಸ್ಲಿಮರಿಗೆ ಪ್ರತ್ಯೇಕ ಮತಕ್ಷೇತ್ರಗಳು ಬಂದವು, ನಿರ್ಣಯ ಮಂಡಿಸುವ ಅವಕಾಶವೂ ಬಂದಿತು. ಆದರೆ ಸರ್ಕಾರ ಅವುಗಳಿಗೆ ಬದ್ಧವಾಗಿರಲಿಲ್ಲ.

1919ರ ಕಾಯ್ದೆ ದ್ವಿಸರ್ಕಾರ ಪದ್ಧತಿಯನ್ನು ತಂದಿತು. ಶಿಕ್ಷಣ, ಆರೋಗ್ಯ, ಸ್ಥಳೀಯ ಸ್ವರಾಜ್ಯ, ಕೃಷಿ ಮುಂತಾದವು ಮಂತ್ರಿಗಳಿಗೆ ಬಂದವು. ಹಣಕಾಸು, ಪೊಲೀಸು, ಭೂಕಂದಾಯ, ನೀರಾವರಿ ಮುಂತಾದವು ಗವರ್ನರ್ ಮತ್ತು ಅವರ ಕಾರ್ಯಕಾರಿ ಮಂಡಳಿಯ ಬಳಿ ಉಳಿದವು. ಇದನ್ನು ನಮ್ಮ ಭಾಗಕ್ಕೆ ಅನ್ವಯಿಸಿ ನೋಡಿದರೆ ವಿಷಯ ತಿಳಿಯಾಗುತ್ತದೆ. ಊರ ಶಾಲೆ ಮಂತ್ರಿಯ ಖಾತೆ. ಘಟಪ್ರಭೆಯ ಕಾಲುವೆ ನೀರು ಮತ್ತು ರೈತ ಕಟ್ಟುವ ಕಂದಾಯ ಗವರ್ನರರ ಪಾಲು. ಶಾಲೆ ಕಟ್ಟಬೇಕೆಂದರೂ ಹಣಕ್ಕಾಗಿ ಮಂತ್ರಿ ನೋಡಬೇಕಾದುದು ಗವರ್ನರರ ಕಡೆಯ ಹಣಕಾಸು ಇಲಾಖೆಯನ್ನೇ.

ಸಭೆ ಅನುದಾನವನ್ನು ನಿರಾಕರಿಸಬಹುದಾಗಿತ್ತು. ಆದರೆ ಕಾಯ್ದಿಟ್ಟ ವಿಷಯದ ವೆಚ್ಚ ತಮ್ಮ ಹೊಣೆಯ ನಿರ್ವಹಣೆಗೆ ಅತ್ಯಗತ್ಯವೆಂದು ಗವರ್ನರ್ ಪ್ರಮಾಣೀಕರಿಸಿದರೆ, ಸಭೆ ಒಪ್ಪಿದಂತೆಯೇ ಆ ಹಣ ಖರ್ಚಾಗುತ್ತಿತ್ತು. ಸಾಲದ ಬಡ್ಡಿ, ಹಿರಿಯ ಅಧಿಕಾರಿಗಳ ಸಂಬಳ ಮತಕ್ಕೆ ಬರುತ್ತಲೇ ಇರಲಿಲ್ಲ. ಅಂಥ ವಿಷಯದ ಮಸೂದೆಯನ್ನು ಸಭೆ ತಿರಸ್ಕರಿಸಿದರೂ ಗವರ್ನರರ ಪ್ರಮಾಣಪತ್ರ ಮತ್ತು ಸಹಿಯಿಂದ ಅದು ಕಾಯ್ದೆಯಾಗಬಹುದಿತ್ತು. ಮೇಲಿನವರ ಸಮ್ಮತಿಯೊಂದೇ ಬಾಕಿ. ಸಭೆ ಅಂಗೀಕರಿಸಿದ ಮಸೂದೆಗೆ ಅಂಕಿತ ನಿರಾಕರಿಸುವ ಅಥವಾ ಅದನ್ನು ಹಿಂದಿರುಗಿಸುವ ಅಧಿಕಾರವೂ ಅವರಿಗಿತ್ತು.

1935ರ ಕಾಯ್ದೆ ದ್ವಿಸರ್ಕಾರವನ್ನು ತೆಗೆದರೂ ಗವರ್ನರರಿಗೆ 'ವಿಶೇಷ ಹೊಣೆಗಳನ್ನು' ಉಳಿಸಿತು. ಅಲ್ಪಸಂಖ್ಯಾತರ ನ್ಯಾಯಯುತ ಹಿತರಕ್ಷಣೆ ಅವುಗಳಲ್ಲೊಂದು. ಇಲ್ಲಿ ನಾವು ನಿಂತು ಯೋಚಿಸಬೇಕು. ಸಭೆ ಕಡಿತಗೊಳಿಸಿದ ಅನುದಾನವನ್ನು ಮರಳಿ ಸೇರಿಸಲು, ಸುಗ್ರೀವಾಜ್ಞೆ ಹೊರಡಿಸಲು, 'ಗವರ್ನರರ ಕಾಯ್ದೆ' ಮಾಡಲು ನೀಡಿದ ಸಮರ್ಥನೆಗಳಲ್ಲಿ ನಮ್ಮ ಹೆಸರೂ ಸೇರಿತ್ತು! ಆದರೆ ಆ ರಕ್ಷಣೆಯನ್ನು ಬಳಸಬೇಕೋ ಬೇಡವೋ ಎಂದು ನಿರ್ಧರಿಸುವವರು ಗವರ್ನರರೇ. ನಮ್ಮ ಹಿರಿಯರಿಗೆ ಅವರನ್ನು ಲೆಕ್ಕ ಕೇಳುವ ಹಕ್ಕಿರಲಿಲ್ಲ. ಮುಂಬಯಿಯಲ್ಲಿ ಸರ್ ಗುಲಾಂ ಹುಸೇನ್ ಹಿದಾಯತುಲ್ಲಾ ಅವರು ಮೊದಲು ಮಂತ್ರಿಯಾಗಿ, ಅನಂತರ ಕಾರ್ಯಕಾರಿ ಮಂಡಳಿಯ ಸದಸ್ಯರಾಗಿದ್ದರು. ನಮ್ಮವರು ಪೀಠದಲ್ಲಿ ಕುಳಿತರೂ ಬೀಗದ ಕೈ ಗವರ್ನರರ ಸೊಂಟದಲ್ಲೇ ಇತ್ತು.

1937ರ ಜುಲೈಯಲ್ಲಿ ಬಿ. ಜಿ. ಖೇರ್ ಅವರ ಮಂತ್ರಿಮಂಡಲ ಅಧಿಕಾರಕ್ಕೆ ಬಂದಿತು. ಭಾರತೀಯರ ಪ್ರತಿನಿಧಿಗಳನ್ನು ಕೇಳದೆ ದೇಶವನ್ನು ಯುದ್ಧಕ್ಕೆ ಸೇರಿಸಿದ್ದನ್ನು ಪ್ರತಿಭಟಿಸಿ 1939ರಲ್ಲಿ ಅದು ರಾಜೀನಾಮೆಯಿತ್ತಿತು. ಆಗ 93ನೆಯ ಕಲಮಿನನ್ವಯ ಗವರ್ನರ್ ಸರ್ ರೋಜರ್ ಲಮ್ಲಿ ಶಾಸನ ಸಭೆಯ ಅಧಿಕಾರವನ್ನೂ ತಾವೇ ವಹಿಸಿಕೊಂಡರು. 1946ರವರೆಗೆ ಶಾಸನವೂ ಆಯವ್ಯಯವೂ ಗವರ್ನರರ ಸಹಿಯಿಂದಲೇ ನಡೆದವು. ರೈತನ ಕಂದಾಯ ಮಾತ್ರ ನಿಲ್ಲಲಿಲ್ಲ.

ನಮ್ಮ ಸಂವಿಧಾನದಲ್ಲೂ ಹಣಕಾಸು ಮಸೂದೆಗೆ ರಾಜ್ಯಪಾಲರ ಶಿಫಾರಸು, ಮಸೂದೆಗೆ ಅಂಕಿತ, ಸುಗ್ರೀವಾಜ್ಞೆ ಉಳಿದಿವೆ. ಆದರೆ ರಾಜ್ಯಪಾಲರು ಸಾಮಾನ್ಯವಾಗಿ ಮಂತ್ರಿಮಂಡಲದ ಸಲಹೆಯಂತೆ ನಡೆಯಬೇಕು. ಮಂತ್ರಿಮಂಡಲ ಸದನಕ್ಕೆ, ಸದನ ನಮಗೆ ಉತ್ತರ ಹೇಳಬೇಕು. ಅಲ್ಪಸಂಖ್ಯಾತರ ರಕ್ಷಣೆ ಇಂದು ದೊರೆಯ ಕೃಪೆಯಲ್ಲ, ನ್ಯಾಯಾಲಯದಲ್ಲಿ ಕೇಳಬಹುದಾದ ಮೂಲಭೂತ ಹಕ್ಕು. ಜನರ ಪ್ರಶ್ನೆಗೆ ಉತ್ತರಿಸುವುದನ್ನು ಖಲೀಫ ಉಮರ್(ರ) ಅವಮಾನವೆಂದು ಬಗೆಯಲಿಲ್ಲ. ಕೇಳುವುದನ್ನು ನಾವೂ ಉದ್ಧಟತನವೆಂದು ಬಗೆಯಬೇಕಿಲ್ಲ. ಗ್ರಾಮಸಭೆಯಲ್ಲಾಗಲಿ, ಜಮಾಅತ್ ಸಮಿತಿಯಲ್ಲಾಗಲಿ ಲೆಕ್ಕ ಕೇಳುವುದು, ಕೇಳಿದಾಗ ಕೊಡುವುದು ಅಮಾನತ್ತಿನ ಪಾಲನೆಯೇ. ಅದನ್ನು ಪಾಲಿಸುವ ಸೌಭಾಗ್ಯವನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ, ಆಮೀನ್.