ಪೆನ್ಶನ್ನಿನವರ ತಿರುಗಾಟ

ನಮ್ಮ ಹೆಬ್ಬಳ್ಳಿಯಲ್ಲಿ ‘ತಿರುಗಾಡಿ ಬರೂದು’ ಅಂತ ಒಂದು ಕೆಲಸ ಇರಲಿಲ್ಲ. ಎಂಬತ್ತು ದಾಟಿದ ನಮ್ಮಜ್ಜ ದಿನಾ ಎರೆಹೊಲಕ್ಕೆ ಹೋಗುತ್ತಿದ್ದ. ಮಾಡುವುದೇನೂ ಇರದಿದ್ದರೂ ಬದುವಿನ ಮೇಲೆ ಕೂತು, ಜೋಳ ಕುಸುಬಿ ನೋಡಿ, ಸುರಿಯದ ಮೋಡಕ್ಕೆ ನಾಲ್ಕು ಮಾತು ಬೈದು ಬರುತ್ತಿದ್ದ. ಒಕ್ಕಲಿಗನಿಗೆ ಎಲ್ಲಿಯ ನಿವೃತ್ತಿ? ಅದು ಬಂದದ್ದು ಸರಕಾರಿ ನೌಕರಿಯ ಬೆನ್ನು ಹತ್ತಿ, ಹತ್ತು-ಹನ್ನೆರಡು ಕಿಲೋಮೀಟರು ಆಚೆಯ ಧಾರವಾಡಕ್ಕೆ.

ಪೇಶವೆಯರು ಹೋಗಿ ಇಂಗ್ಲಿಷರು ಬಂದ ಮೇಲೆ ಅಲ್ಲಿ ಮುಂಬಯಿ ಸರಕಾರದ ಕಚೇರಿ, ಸಾಲಿಗಳು. 1917ರಲ್ಲಿ ಕರ್ನಾಟಕ ಕಾಲೇಜು. ಐವತ್ತೈದು ತುಂಬಿತೆಂದರೆ ಕಾರಕೂನ, ಮಾಸ್ತರ, ಮಾಮಲೇದಾರ ಎಲ್ಲರೂ ಮನೆಗೆ. ತಂಪು ಹವಾ, ಮೊಮ್ಮಕ್ಕಳಿಗೆ ಕಾಲೇಜು ಎಂದು ಬೇರೆ ಊರುಗಳಲ್ಲಿ ದುಡಿದವರೂ ಇಲ್ಲೇ ಮನೆ ಹಿಡಿದರು. ‘ಪೆನ್ಶನ್ನಿನವರ ಊರು’ ಎಂಬ ಹೆಸರು ಹಾಗೆ ಅಂಟಿತು.

ಸಂಜೆಯಾದರೆ ಧೋತರ, ಕೋಟು, ಕರಿ ಟೊಪ್ಪಿಗೆ. ಜಡಿಮಳೆಯ ಊರಾದ್ದರಿಂದ ಕೈಯಲ್ಲಿ ಕೊಡೆ. ಸಾಧನಕೇರಿ, ಅತ್ತಿಕೊಳ್ಳ, ಕೆಲಗೇರಿ ಕೆರೆಯ ದಂಡೆ. ಶನಿವಾರ ನುಗ್ಗಿಕೇರಿ ಹನುಮಪ್ಪ. ಡಾಕ್ಟರು ಹೇಳಿದರೆಂದು ನಡೆದವರಲ್ಲ ಇವರು. ಹರಟೆಗೆ ಜೊತೆ ಬೇಕಿತ್ತು, ಜೊತೆ ಸಿಗುತ್ತಿದ್ದದ್ದು ಕೆರೆಯ ದಂಡೆಯಲ್ಲಿ. ಇವರ ಆಯುಷ್ಯ ಬೆಳೆಸಿದ್ದು ಕಾಲೋ ನಾಲಿಗೆಯೋ ಎಂದರೆ ನನ್ನ ಮತ ನಾಲಿಗೆಗೆ.

ನಿವೃತ್ತಿಯೆಂದರೆ ಬರೀ ಹರಟೆಯೂ ಅಲ್ಲ. ಕವಿ ಬೇಂದ್ರೆಯವರು ಸೊಲ್ಲಾಪುರದ ಡಿ.ಎ.ವಿ. ಕಾಲೇಜಿನಿಂದ 1956ರಲ್ಲಿ ನಿವೃತ್ತರಾದಾಗ ಅವರಿಗೆ ಅರವತ್ತು. ಸಾಧನಕೇರಿಗೆ ಮರಳಿ ಧಾರವಾಡ ಆಕಾಶವಾಣಿಗೆ ಸಲಹೆಗಾರರಾದರು. ಮುಂದೆ ಜ್ಞಾನಪೀಠ ತಂದ ‘ನಾಕುತಂತಿ’ ಹೊರಬಂದದ್ದು 1964ರಲ್ಲಿ. ಅವರ ಓರಿಗೆಯ, 1896ರಲ್ಲೇ ಹುಟ್ಟಿದ ಸಂಶೋಧಕ ಶಂ.ಬಾ. ಜೋಶಿಯವರು ಮಾಸ್ತರಿಕೆ ಮುಗಿದು ಎಷ್ಟೋ ವರ್ಷಕ್ಕೆ ‘ಕರ್ಣಾಟಕ ಸಂಸ್ಕೃತಿಯ ಪೂರ್ವಪೀಠಿಕೆ’ ಬರೆದರು. 1970ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಆ ಪುಸ್ತಕಕ್ಕೆ. 1991ರವರೆಗೂ ಇದ್ದರು. ಇಂಥವರ ಹರಟೆ, ನಗುಮುಖ ಸುಖದಲ್ಲಿ ಬೆಳೆದವರ ಸೊತ್ತೆಂದು ಯಾರಾದರೂ ಅಂದರೆ ನನಗೆ ಸಿಟ್ಟು ಬರುತ್ತದೆ; ಬೇಂದ್ರೆ ಎಷ್ಟು ಮಕ್ಕಳನ್ನು ಮಣ್ಣಿಗೆ ಕೊಟ್ಟವರು ಎಂಬುದು ಊರಿಗೇ ಗೊತ್ತು. ಅಷ್ಟಾದರೂ ಮಾತಿಗೆ ಕೂತರೆ ಕೇಳುವವರಿಗೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲವಂತೆ.

ಈ ಇತಿಹಾಸದಲ್ಲಿ ಒಂದು ಊನವಿದೆ: ತಿರುಗಾಡಿದವರೆಲ್ಲ ಗಂಡಸರು. ಅವರು ಮರಳುವ ಹೊತ್ತಿಗೆ ಚಹಾ ಕುದಿಸಿ ಇಡುತ್ತಿದ್ದವರಿಗೆ ಐವತ್ತೈದಕ್ಕೂ ರಜೆ ಇಲ್ಲ, ಎಪ್ಪತ್ತೈದಕ್ಕೂ ಇಲ್ಲ. ಗುಡಿ, ಅರಿಶಿನ-ಕುಂಕುಮ, ಹೆಚ್ಚೆಂದರೆ ಬನ್ನಿ ಹಬ್ಬದಲ್ಲಿ ನಾಲ್ಕು ಮನೆ. ಅವರ ಬಯಲು ಅಷ್ಟೇ.

ಈಗ ನಾನಿರುವುದು ಧಾರವಾಡದ ಹೆಬ್ಬಳ್ಳಿ ಅಗಸಿಯ ಹತ್ತಿರ. ಬೆಳಿಗ್ಗೆ ಸೀರೆಯ ಮೇಲೆ ಸ್ವೆಟರು, ಕಾಲಿಗೆ ಬೂಟು ಹಾಕಿಕೊಂಡ ಅಜ್ಜಿಯರ ದಂಡೇ ಹೊರಡುತ್ತದೆ. ನಮ್ಮಾಕೆಯೂ ಅದರಲ್ಲಿ. ನಾನೂ ಬರಲೇನು ಎಂದು ಕೇಳಿದೆ. “ಬ್ಯಾಡ್ರಿ, ನಿಮ್ಮ ನಡಿಗಿ ಭಾಳ ಸಾವಕಾಶ,” ಅಂದಳು.