ಸರ್ವೆ ನಂಬರ್ ತಾರೀಖು ಆದ ಕಥೆ

ಗೊರೇಬಾಳದ ಒಬ್ಬ ರೈತರ ಹೊಲ ಸರ್ವೆ ನಂಬರ್ 5, ಹಿಸ್ಸಾ 2 ಅಂತ ಇಟ್ಟುಕೊಳ್ಳಿ. ನಾವೆಲ್ಲ ಅದನ್ನು 5/2 ಎಂದೇ ಬರೆಯುತ್ತೇವೆ. ಬೆಳೆ ಪರಿಹಾರಕ್ಕೋ ಸಂಘದ ಸಾಲಕ್ಕೋ ಊರಿನ ಪಟ್ಟಿ ಮಾಡುವಾಗ, ಸಾದಾ ಅಕ್ಷರಗಳ ಫೈಲ್‌ನಲ್ಲಿರುವ ಈ ನಂಬರನ್ನು ಎಕ್ಸೆಲ್‌ನಲ್ಲಿ ನೇರವಾಗಿ ತೆರೆದರೆ, ಅಲ್ಲಿ ಫೆಬ್ರವರಿ 5 ಎಂಬ ತಾರೀಖು ಬಂದು ಕೂತಿರುತ್ತದೆ. ಹಿಸ್ಸಾ ಎಂದರೆ ಅಣ್ಣತಮ್ಮಂದಿರ ಪಾಲು. ಅದು ಮಾಯವಾದರೆ ಯಾರ ಪಾಲು ಯಾರದು ಎಂದು ಪಟ್ಟಿ ನೋಡಿ ಹೇಳಲಾಗದು.

ಯಾಕೆ ಹೀಗಾಗುತ್ತದೆ? ಇದಕ್ಕೊಂದು ಇತಿಹಾಸವಿದೆ.

ನಮ್ಮ ರಾಯಚೂರು ಜಿಲ್ಲೆ 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿತ್ತು. ಆಡಳಿತದ ಭಾಷೆ ಉರ್ದು. 1956ರ ನವೆಂಬರ್ 1ರಂದು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು, ದಫ್ತರಗಳು ಕನ್ನಡಕ್ಕೆ ಬಂದವು. ಆಗ ಒಂದು ಲಿಪಿಯಿಂದ ಇನ್ನೊಂದಕ್ಕೆ ಇಳಿಸಿದವರು ಮನುಷ್ಯರು. ಓದಿ, ಅರ್ಥ ಮಾಡಿಕೊಂಡು, ಅನುಮಾನ ಬಂದರೆ ಕೇಳಿ ಬರೆಯಬಹುದಿತ್ತು.

ಎರಡನೇ ದೊಡ್ಡ ಬದಲಾವಣೆ ‘ಭೂಮಿ’ ಯೋಜನೆ. ರಾಜ್ಯದ ಸುಮಾರು 9,000 ಗ್ರಾಮ ಲೆಕ್ಕಿಗರ ಕೈಬರಹದ ಪುಸ್ತಕಗಳಲ್ಲಿದ್ದ ಸುಮಾರು 2 ಕೋಟಿ ಪಹಣಿಗಳು 2002ರ ಹೊತ್ತಿಗೆ ಕಂಪ್ಯೂಟರಿಗೆ ಸೇರಿದವು. ತಾಲ್ಲೂಕು ಕಚೇರಿಯಲ್ಲಿ 15 ರೂಪಾಯಿ ಕೊಟ್ಟರೆ ಅಚ್ಚಾದ ಪಹಣಿ ಕೈಗೆ ಬಂತು. ಭೂಮಿಯಲ್ಲಿ ಪಹಣಿ ಹುಡುಕಿದವರಿಗೆ ಗೊತ್ತು: ಸರ್ವೆ ನಂಬರ್, ಸರ್ನೋಕ್, ಹಿಸ್ಸಾ ಮೂರನ್ನೂ ಬೇರೆಬೇರೆಯಾಗಿ ಆರಿಸಬೇಕು. ಹೀಗಾಗಿ ಅಲ್ಲಿ 5/2 ತಾರೀಖಾಗುವ ಮಾತೇ ಇಲ್ಲ. ತೊಂದರೆ ಬರುವುದು ನಾವು ಹೊರಗಡೆ ಮಾಡಿಕೊಳ್ಳುವ ಪಟ್ಟಿಗಳಲ್ಲಿ.

ಆ ಪಟ್ಟಿಗಳು ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಹೋಗುವುದು ಹೆಚ್ಚಾಗಿ ಸಿಎಸ್‌ವಿ ಎಂಬ ಫೈಲ್‌ನಲ್ಲಿ. ಒಂದೊಂದು ಸಾಲಿಗೆ ಒಬ್ಬರ ವಿವರ, ನಡುನಡುವೆ ಅಲ್ಪವಿರಾಮ, ಅಷ್ಟೇ. ಅಲ್ಪವಿರಾಮ ಹಾಕಿ ವಿವರ ಕೊಡುವ ಈ ಪದ್ಧತಿ 1972ರಲ್ಲೇ ಐಬಿಎಂನ ಫೋರ್ಟ್ರಾನ್‌ನಲ್ಲಿತ್ತು. ಮನೆ ಕಂಪ್ಯೂಟರಿನ ಮೊದಲ ಸ್ಪ್ರೆಡ್‌ಶೀಟ್ ವಿಸಿಕ್ಯಾಲ್ಕ್ ಬಂದದ್ದು 1979ರಲ್ಲಿ, ಎಕ್ಸೆಲ್ 1985ರಲ್ಲಿ. ಸಿಎಸ್‌ವಿ ಹೇಗಿರಬೇಕು ಎಂದು ಬರೆದಿಟ್ಟದ್ದು 2005ರಲ್ಲಿ. ಆಗಲೂ ಯಾವ ಕಾಲಂ ಅಂಕಿ, ಯಾವುದು ತಾರೀಖು, ಯಾವುದು ಹೆಸರು ಎಂದು ಹೇಳುವ ಜಾಗ ಅದರಲ್ಲಿ ಇಡಲಿಲ್ಲ. ಹಾಗಾಗಿ ತೆರೆಯುವ ಪ್ರೋಗ್ರಾಂ ಊಹೆ ಮಾಡುತ್ತದೆ. ಲೆಕ್ಕದ ಅಂಗಡಿಗಾಗಿ ಹುಟ್ಟಿದ ಪ್ರೋಗ್ರಾಂ ಅದು. ಓರೆಗೆರೆ ಕಂಡರೆ ತಾರೀಖು, ಮುಂದಿನ ಸೊನ್ನೆ ಕಂಡರೆ ಬೇಡವಾದದ್ದು ಎಂದುಕೊಳ್ಳುತ್ತದೆ. 145/2 ಇದ್ದಂತೆಯೇ ಉಳಿಯುತ್ತದೆ, 5/2 ಬದಲಾಗುತ್ತದೆ. ಅರ್ಧ ಪಟ್ಟಿ ಸರಿಯಿದ್ದಾಗ ಉಳಿದರ್ಧದ ತಪ್ಪು ಕಣ್ಣಿಗೆ ಬೀಳುವುದೇ ಕಷ್ಟ.

ಬ್ಯಾಂಕ್ ಖಾತೆ ನಂಬರಿಗೂ ಇದೇ ಗತಿ. ಎಕ್ಸೆಲ್ ಒಂದು ಅಂಕಿಯಲ್ಲಿ 15 ಸ್ಥಾನ ಮಾತ್ರ ನೆನಪಿಡುತ್ತದೆ. 16 ಸ್ಥಾನದ ಖಾತೆ ಅಂಕಿಯಾಗಿ ಒಳಗೆ ಹೋದರೆ ಕೊನೆಯದು ಸೊನ್ನೆಯಾಗುತ್ತದೆ.

ಇದು ನಮ್ಮೂರಿನ ಸಮಸ್ಯೆ ಮಾತ್ರ ಅಲ್ಲ. ಎಕ್ಸೆಲ್ ತಾರೀಖು ಮಾಡಿಬಿಡುತ್ತದೆಂದು 2020ರಲ್ಲಿ ವಿಜ್ಞಾನಿಗಳು ಮನುಷ್ಯನ ಕೆಲವು ಜೀನ್‌ಗಳ ಹೆಸರನ್ನೇ ಬದಲಿಸಿದರು. ಅದೇ ವರ್ಷ ಇಂಗ್ಲೆಂಡಿನಲ್ಲಿ ಪ್ರಯೋಗಾಲಯಗಳ ಸಿಎಸ್‌ವಿ ಫೈಲ್‌ಗಳನ್ನು ಹಳೇ ಬಗೆಯ ಎಕ್ಸೆಲ್ ಹಾಳೆಗೆ ಸೇರಿಸುವಾಗ, 65,536 ಸಾಲು ತುಂಬಿದ ಮೇಲೆ ಉಳಿದವು ಬಿಟ್ಟುಹೋದವು. 15,841 ಕೊರೊನಾ ಪ್ರಕರಣಗಳು ಲೆಕ್ಕಕ್ಕೆ ಸಿಗುವುದು ತಡವಾಯಿತು, ಅವರ ಸಂಪರ್ಕಕ್ಕೆ ಬಂದವರ ಹುಡುಕಾಟವೂ ತಡವಾಯಿತು.

ಕನ್ನಡಕ್ಕೆ ಇನ್ನೊಂದು ತೊಡಕು. ಹಳೇ ನುಡಿ, ಬರಹ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಹೆಸರು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಇಂಗ್ಲಿಷ್ ಅಕ್ಷರಗಳ ಗೊಂದಲವಾಗಿ ಕಾಣುತ್ತದೆ. ಯುನಿಕೋಡ್‌ನಲ್ಲಿ ಬರೆದದ್ದು ಕೂಡ, ತೆರೆಯುವಾಗ ಯುಟಿಎಫ್-8 ಎಂದು ಹೇಳದಿದ್ದರೆ ಕೆಡಬಹುದು. ಮಸ್ಕಿಯ ಅಶೋಕನ ಶಾಸನ 1915ರಲ್ಲಿ ಬೆಳಕಿಗೆ ಬಂದಾಗ ಓದಲು ಸಾಧ್ಯವಾಯಿತು, ಯಾಕೆಂದರೆ ಬ್ರಾಹ್ಮಿಯ ಗುಟ್ಟು ಅಷ್ಟರಲ್ಲೇ ಗೊತ್ತಾಗಿತ್ತು. ಅಕ್ಷರ ಇದ್ದರೆ ಸಾಲದು, ಯಾವ ಲಿಪಿ ಎಂದೂ ಗೊತ್ತಿರಬೇಕು.

ಮಾಡಬೇಕಾದ್ದು ಇಷ್ಟೇ. ಸಿಎಸ್‌ವಿ ಫೈಲ್ ಮೇಲೆ ನೇರ ಒತ್ತಿ ತೆರೆಯಬೇಡಿ. ಎಕ್ಸೆಲ್‌ನ ಡೇಟಾ ಮೆನುವಿನಿಂದ ಒಳಗೆ ತನ್ನಿ, ಯುಟಿಎಫ್-8 ಆರಿಸಿ, ಸರ್ವೆ ನಂಬರ್ ಮತ್ತು ಖಾತೆ ನಂಬರ್ ಕಾಲಂಗಳನ್ನು ‘ಟೆಕ್ಸ್ಟ್’ ಮಾಡಿ. ಲಿಬ್ರೆ ಆಫೀಸ್ ಇದನ್ನು ತಾನೇ ಕೇಳುತ್ತದೆ. ಒಮ್ಮೆ ಕೆಟ್ಟ ಮೇಲೆ ಟೆಕ್ಸ್ಟ್‌ಗೆ ಬದಲಿಸಿದರೆ 5/2 ತಿರುಗಿ ಬರುವುದಿಲ್ಲ. 2025ರಲ್ಲಿ ಕೆಟ್ಟಿದ್ದರೆ 45693 ಎಂಬ ಅಂಕಿ ಬರುತ್ತದೆ. ಆದ್ದರಿಂದ ಮೂಲ ಫೈಲ್ ಅಳಿಸಬೇಡಿ.

ಪಟ್ಟಿ ಮಾಡುವ ಹುಡುಗರಿಗೆ ಇದನ್ನು ತೋರಿಸಿ. ಪಟ್ಟಿ ಹಾಕಿದ ದಿನವೇ ನಿಮ್ಮ ಪಹಣಿ ಹಿಡಿದು ನಿಮ್ಮ ಸಾಲನ್ನು ಒಮ್ಮೆ ಓದಿಸಿಕೊಳ್ಳಿ.